ಕೆಳಗಿನ ಗ್ರಂಥಿ, ಮೇಲಿನ ಕೂದಲು

ನಮ್ಮ ಕನ್ನಡದ ಗಂಡಸರು ಐವತ್ತು ದಾಟಿದರು ಅಂದರೆ ಸಾಕು, ಟೆಕ್ಸಾಸಿನಲ್ಲಿ ಯಾರಾದರೂ ಒಬ್ಬರ ಮನೆಯಲ್ಲಿ ಇಂಥದ್ದೊಂದು ನಡೆಯುತ್ತಲೇ ಇರುತ್ತದೆ. ಡಲ್ಲಾಸಿನಲ್ಲಿ ಒಬ್ಬರು ರಕ್ತ ಕೊಟ್ಟರೆ ಆಸ್ಟಿನ್ನಿನಲ್ಲಿ ಒಬ್ಬರು ಸಲಹೆ ಕೊಡುತ್ತಾರೆ, ಹ್ಯೂಸ್ಟನ್ನಿನಲ್ಲಿ ಇನ್ನೊಬ್ಬರು ಔಷಧಿ ಹೇಳುತ್ತಾರೆ. ರಿಪೋರ್ಟು ಯಾರದ್ದು ಅನ್ನೋದು ಕೊನೆಗೆ ರಕ್ತ ಕೊಟ್ಟವರಿಗೇ ಮರೆತುಹೋಗಿರುತ್ತದೆ. ನಾನು ನಮ್ಮನೆಯದ್ದನ್ನೇ ಹೇಳುತ್ತೇನೆ. ಬೇರೆಯವರ ಮನೆಯದ್ದು ಹೇಳಿದರೆ ಅವರು ಬೇಜಾರು ಮಾಡ್ಕೋತಾರೆ. ನಮ್ಮ ಯಜಮಾನರು ಬೇಜಾರು ಮಾಡ್ಕೊಂಡರೆ ನನಗೆ ಅಭ್ಯಾಸ ಇದೆ.

೧. ಕ್ಲಾಸ್ ಆವರೇಜ್

ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಸಣ್ಣ ಗ್ರಂಥಿ ಇದೆ. ಅದರಲ್ಲಿ ಏನಾದರೂ ಎಡವಟ್ಟಾದರೆ ರಕ್ತದಲ್ಲಿ ಪಿಎಸ್‌ಎ ಅನ್ನೋ ಅಂಕಿ ಏರುತ್ತದೆ. ಕ್ಯಾನ್ಸರ್ ಆದರೂ ಏರಬಹುದು, ಸುಮ್ಮನೆ ವಯಸ್ಸಾಗಿ ಊದಿಕೊಂಡರೂ ಏರಬಹುದು. ಅನುಮಾನ ಬಂದರೆ ಸೂಜಿ ಚುಚ್ಚಿ ಅಲ್ಲಿಂದ ಚೂರು ತೆಗೆದು ನೋಡುತ್ತಾರೆ, ಅದೇ ಬಯಾಪ್ಸಿ. ಸೂಜಿ ಯಾವ ಕಡೆಯಿಂದ ಹೋಗುತ್ತದೆ ಅಂತ ಕೇಳಿ ತಿಳ್ಕೊಂಡ ಮೇಲೆ ನಮ್ಮ ಯಜಮಾನರು ಆ ವಾರವೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂರಲಿಲ್ಲ.

ಇವರ ಅಂಕಿ ನಾಲ್ಕು ಪಾಯಿಂಟ್ ಎಂಟು ಬಂತು. ನನಗೆ ಭಯವಾಯಿತು. ಇವರಿಗೆ ಆಗಿದ್ದು ಭಯ ಅಲ್ಲ, ಅವಮಾನ. ಯಾಕೆ ಅಂದರೆ ಇವರದ್ದೊಂದು ಮೂರೇ ಜನರ ವಾಟ್ಸ್ಯಾಪ್ ಗ್ರೂಪ್ ಇದೆ. ಇವರು, ಹ್ಯೂಸ್ಟನ್ ಹತ್ತಿರ ಮಿಸೌರಿ ಸಿಟಿಯಲ್ಲಿರುವ ಇವರಣ್ಣ, ಅಂದರೆ ನಮ್ಮ ಭಾವನವರು, ಮತ್ತೆ ಆಸ್ಟಿನ್ನಿನಲ್ಲಿರುವ ಇವರ ಮೈಸೂರಿನ ಕ್ಲಾಸ್‌ಮೇಟು. ಅದರಲ್ಲಿ ಇವರು ಅಂಕಿ ಹಾಕಿದ ತಕ್ಷಣ ಭಾವ ಬರೆದರು, "ನಂದು ಎರಡು ಪಾಯಿಂಟ್ ಆರು." ಕ್ಲಾಸ್‌ಮೇಟು ಬರೆದ, "ನಂದು ಸೊನ್ನೆ ಪಾಯಿಂಟ್ ಒಂಬತ್ತು. ಏನ್ ಮಗಾ, ಕಾಲೇಜಲ್ಲಿ ರ‍್ಯಾಂಕು ರ‍್ಯಾಂಕು ಅಂತ ಮೆರೀತಿದ್ದೆ?"

ಇವರು ಊಟ ಬಿಟ್ಟು ಎದ್ದರು. "ಮೂವತ್ತು ವರ್ಷದಲ್ಲಿ ಅವನು ನನಗಿಂತ ಮುಂದೆ ಬಂದಿದ್ದು ಇದೇ ಮೊದಲು ಕಣೇ" ಅಂದರು. ಮಗಳು ಫೋನಿಂದ ತಲೆ ಎತ್ತಿ, "ಡ್ಯಾಡ್, ಇಟ್ಸ್ ನಾಟ್ ದಟ್ ಕೈಂಡ್ ಆಫ್ ಟೆಸ್ಟ್" ಅಂದಳು. ನಾನು ಡಲ್ಲಾಸಿನ ಪಕ್ಕದ ನಮ್ಮೂರು ಮರ್ಫಿಯ ಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡೋಳು. ಮಾರ್ಕ್ಸಿಗೆ ಅಳೋ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ, ಸಮಾಧಾನ ಮಾಡಿದೆ. ಯೂರಾಲಜಿ ಡಾಕ್ಟರ ಹತ್ತಿರ ಹೋದಾಗ ಇವರು ಬಯಾಪ್ಸಿ ಬೇಕಾ ಬೇಡವಾ ಅಂತ ಕೇಳುತ್ತಾರೆ ಅಂದುಕೊಂಡೆ. ಡಾಕ್ಟರು ಅಂಕಿಯ ಅರ್ಥವನ್ನೆಲ್ಲ ನಿಧಾನವಾಗಿ ವಿವರಿಸಿ, "ಏನಾದರೂ ಪ್ರಶ್ನೆ ಇದೆಯಾ?" ಅಂದರು. ಇವರು ಗಂಟಲು ಸರಿಮಾಡಿಕೊಂಡು ಕೇಳಿದರು, "ವಾಟ್ ಈಸ್ ದಿ ಕ್ಲಾಸ್ ಆವರೇಜ್?"

೨. ಉಪವಾಸ

ಸೂಜಿಗೆ ಅವಸರ ಬೇಡ, ಮೊದಲು ಇನ್ನೊಂದು ಸಲ ರಕ್ತ ನೋಡೋಣ ಅಂದರು ಡಾಕ್ಟರು. ಅದಕ್ಕೆ ಮುಂಚೆ ಏನೇನು ಮಾಡಬಾರದು ಅಂತ ಹೇಳೋಕೆ ಅವರ ಆಫೀಸಿನ ನರ್ಸು ಫೋನ್ ಮಾಡಿದಳು. ನಾವು ಕಾರಿನಲ್ಲಿ ದೇವಸ್ಥಾನಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮತ್ತೆ ಮತ್ತು ಮಗಳು. ಫೋನು ಕಾರಿನ ಸ್ಪೀಕರಿಗೆ ತಾನಾಗೇ ತಗಲಿಕೊಂಡಿತು. ಎರಡು ದಿನ ಸೈಕಲ್ ತುಳೀಬಾರದು, ಎರಡು ದಿನ ಹೆಂಡತಿಯ ಜೊತೆ ಆಗಲಿ ಒಬ್ಬರೇ ಆಗಲಿ ಅದೂ ಇದೂ ಮಾಡಬಾರದು ಅಂತ ಆ ಪುಣ್ಯಾತ್ಗಿತ್ತಿ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಮಗಳು "ಓ ಮೈ ಗಾಡ್, ಸ್ಟಾಪ್ ದಿ ಕಾರ್" ಅಂತ ಕಿವಿ ಮುಚ್ಚಿಕೊಂಡಳು.

"ಏನೇ ಅದು? ಏನೋ ಬಿಡಬೇಕಂತಲ್ಲ ಎರಡು ದಿನ?" ಅಂದರು ಅತ್ತೆ.

ನನ್ನ ಬಾಯಿಗೆ ಆ ಕ್ಷಣ ಬಂದಿದ್ದು ಒಂದೇ ಪದ. "ಉಪವಾಸ ಅತ್ತೆ."

ಮನೆಗೆ ಬಂದವರೇ ಅತ್ತೆ ಅಡುಗೆಮನೆ ವಶಪಡಿಸಿಕೊಂಡರು. ಮಗನಿಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ನೆನೆಸಿದ ಹೆಸರುಬೇಳೆ, ರಾತ್ರಿ ಬಾಳೆಹಣ್ಣು. ನಾವೆಲ್ಲ ಮಸಾಲೆ ದೋಸೆ ತಿನ್ನುವಾಗ ಇವರು ಪಕ್ಕದಲ್ಲಿ ಕೂತು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು. ಕೆಲಸ ಮನೆಯಿಂದಲೇ, ಹಾಗಾಗಿ ಹೊರಗೆ ಹೋಗಿ ತಿಂದು ಬರೋ ದಾರಿಯೂ ಇಲ್ಲ. ನನ್ನ ಹತ್ತಿರ ಬಂದು ಪಿಸುಗುಟ್ಟಿದರು, "ಅಮ್ಮನಿಗೆ ನಿಜ ಹೇಳೇ."

"ನಿಮ್ಮಮ್ಮ. ನೀವೇ ಹೇಳಿ. ಉಪವಾಸ ಯಾವುದಕ್ಕೆ ಅಂತ ಬಿಡಿಸಿ ಹೇಳಿ."

ಹೋದರು. ಅತ್ತೆಯ ಮುಂದೆ ನಿಂತರು. ಬಾಯಿ ತೆಗೆದರು. ಇನ್ನೊಂದು ಬಾಳೆಹಣ್ಣು ತಗೊಂಡು ವಾಪಸ್ ಬಂದರು. ನಿಜ ಹೇಳಬೇಕು ಅಂದರೆ ನನಗೂ ಆ ನರ್ಸನ್ನು ಒಂದು ಮಾತು ಕೇಳೋದಿತ್ತು. ಅಂಗಡಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ, ಈಗ ಎರಡು ದಿನ ರಜಾ ಅಂತ ಬೋರ್ಡು ಯಾಕಮ್ಮ ತಾಯಿ?

ಲ್ಯಾಬಿನಲ್ಲಿ ಸೂಜಿ ಹಾಕೋ ಮುಂಚೆ ಅಲ್ಲಿಯವಳು ನಗುನಗುತ್ತಾ, ಹೇಳಿದ್ದನ್ನೆಲ್ಲ ಬಿಟ್ಟಿದ್ರಾ ಅಂತ ಕೇಳಿದಳು. ಇವರ ಕಣ್ಣಲ್ಲಿ ನೀರೇ ಬಂತು. "ಎವೆರಿಥಿಂಗ್" ಅಂದರು. "ಈವನ್ ದೋಸೆ."

೩. ಓಡ್ತಿರೋ ಸಿಸ್ಟಂ

ಎರಡನೇ ಸಲ ನಾಲ್ಕು ಪಾಯಿಂಟ್ ಆರು ಬಂತು. ಬಾಳೆಹಣ್ಣಿನ ಮಹಿಮೆ, ಇನ್ನೊಂದು ವಾರ ತಿಂದರೆ ಪೂರ್ತಿ ಇಳಿಯುತ್ತೆ ಅಂದರು ಅತ್ತೆ. ಡಾಕ್ಟರು ಬಾಳೆಹಣ್ಣಿನ ಬಗ್ಗೆ ಏನೂ ಹೇಳಲಿಲ್ಲ. ಸೂಜಿ ಬೇಕೋ ಬೇಡವೋ ಇನ್ನೂ ಚೆನ್ನಾಗಿ ಅಂದಾಜು ಮಾಡೋ ಬೇರೆ ರಕ್ತಪರೀಕ್ಷೆ ಇದೆ, ಅದನ್ನೂ ಎಂಆರ್‌ಐ ಸ್ಕ್ಯಾನನ್ನೂ ಮಾಡಿಸಿ ಆಮೇಲೆ ತೀರ್ಮಾನ ಮಾಡೋಣ ಅಂದರು.

ಇಷ್ಟು ಕೇಳಿದ್ದೇ ಸಾಫ್ಟ್‌ವೇರ್ ಕೆಲಸದ ಆಸ್ಟಿನ್ನಿನ ಕ್ಲಾಸ್‌ಮೇಟು ಶನಿವಾರ ಕಾರು ಹತ್ತಿ ನಮ್ಮನೆಗೇ ಬಂದ. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ. ನಮ್ಮ ಯಜಮಾನರ ಪ್ರಾಸ್ಟೇಟು ಅರವತ್ತೈದು ಇಂಚಿನ ಪರದೆಯ ಮೇಲೆ ಬಂತು. ಬಾಣಗಳು, ಡಬ್ಬಗಳು, ಹೌದು ಅಂದರೆ ಈ ಕಡೆ, ಇಲ್ಲ ಅಂದರೆ ಆ ಕಡೆ. ಅತ್ತೆ ಒಂದು ಸಲ ಇಣುಕಿ, "ಮೆಟ್ರೋ ಮ್ಯಾಪಾ?" ಅಂತ ಕೇಳಿ ಒಳಗೆ ಹೋದರು.

"ಗುರು, ಈ ಡಾಕ್ಟರ್‌ಗಳು ಡೇಟಾ ಸರಿಯಾಗಿ ನೋಡಲ್ಲ" ಅಂದ ಕ್ಲಾಸ್‌ಮೇಟು. "ನಿನ್ನ ಪ್ರಾಸ್ಟೇಟು ಪ್ರೊಡಕ್ಷನ್ ಸಿಸ್ಟಂ ಇದ್ದಹಾಗೆ. ಓಡ್ತಾ ಇದೆ ತಾನೇ? ಓಡ್ತಿರೋ ಸಿಸ್ಟಂನ ಮುಟ್ಟಬಾರದು. ಎಂಆರ್‌ಐ ಬೇಡ, ಸೂಜಿ ಬೇಡ, ಏನೂ ಬೇಡ. ನನ್ನ ನೋಡು, ಸೊನ್ನೆ ಪಾಯಿಂಟ್ ಒಂಬತ್ತು."

ಇವರು ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದರು. ನನಗೆ ಉರಿದುಹೋಯಿತು. ಗಂಡ ಹೋದರೆ ಕಷ್ಟ ಅನುಭವಿಸೋಳು ನಾನು. ಈ ಮನುಷ್ಯ ಮೂರು ತುತ್ತು ಬಿಸಿಬೇಳೆಬಾತ್ ತಿಂದು ಆಸ್ಟಿನ್ನಿಗೆ ಹೋಗ್ತಾನೆ. ಆದರೆ ಮನೆಗೆ ಬಂದವರಿಗೆ ಹಾಗೆ ಅನ್ನೋಕಾಗುತ್ತಾ? "ನಿಮ್ಮ ಈ ಬಾಣ-ಡಬ್ಬಗಳಿಗೆ ಮೊದಲು ನಿಮ್ಮದೇ ರಿಪೋರ್ಟ್ ಹಾಕಿ ತೋರಿಸಿ, ನನಗೂ ಅರ್ಥ ಆಗಲಿ" ಅಂದೆ.

ಧಾರಾಳವಾಗಿ ಫೋನು ಕೊಟ್ಟ. ಸೊನ್ನೆ ಪಾಯಿಂಟ್ ಒಂಬತ್ತು ಇತ್ತು, ಸುಳ್ಳಲ್ಲ. ಪಕ್ಕದಲ್ಲಿ ಕ್ರಿಯಾಟಿನಿನ್ ಅಂತ ಬರೆದಿತ್ತು. ಅದು ಕಿಡ್ನಿಯದ್ದು. ಮೇಲೆ ನೋಡಿದೆ, ಕೆಳಗೆ ನೋಡಿದೆ, ಪಿಎಸ್‌ಎ ಅನ್ನೋ ಮೂರು ಅಕ್ಷರ ಇಡೀ ರಿಪೋರ್ಟಿನಲ್ಲಿ ಇರಲಿಲ್ಲ. ಆ ಮಹಾನುಭಾವ ಆ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ.

ಫೋನು ವಾಪಸ್ ಕೊಟ್ಟೆ. "ಅಲ್ಲಾರೀ, ಪ್ರೊಡಕ್ಷನ್ ಸಿಸ್ಟಂ ಅಂತೀರಿ, ಮಾನಿಟರಿಂಗೇ ಹಾಕಿಲ್ವಲ್ಲ?"

೪. ಬೆನ್ನುನೋವು

ಎಂಆರ್‌ಐ ಆಯಿತು, ಆ ಇನ್ನೊಂದು ರಕ್ತಪರೀಕ್ಷೆಯೂ ಆಯಿತು. ಫಲಿತಾಂಶ ಹೇಳೋ ಮುಂಚೆ ಡಾಕ್ಟರು ಇವರನ್ನು ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ? ತಂದೆಗೆ?"

"ನೋ ನೋ. ಫಾದರ್ ನ್ಯಾಚುರಲ್ ಆಗಿ ಹೋದರು. ಓಲ್ಡ್ ಏಜ್."

"ಎಷ್ಟು ವಯಸ್ಸು?"

"ಸಿಕ್ಸ್ಟಿ ಟೂ."

ಡಾಕ್ಟರಿಗೇ ಅರವತ್ತರ ಮೇಲೆ ಆಗಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡರು. "ಮನೆಯಲ್ಲಿ ಒಮ್ಮೆ ವಿಚಾರಿಸಿ" ಅಂದರು.

ಅತ್ತೆ ಹಿತಕವರೆಗೆ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಕೇಳಿದೆವು. "ನಿಮ್ಮಪ್ಪನಿಗೆ ಬೆನ್ನುನೋವು" ಅಂದರು.

"ಬೆನ್ನುನೋವಿಗೆ ಯಾರಮ್ಮ ಸಾಯ್ತಾರೆ?" ಅಂದರು ಇವರು.

ಅತ್ತೆ ಇನ್ನೊಂದು ಕಾಳು ಹಿಸುಕಿ ಪಾತ್ರೆಗೆ ಹಾಕಿದರು. "ಶುರುವಾಗಿದ್ದು ಕೆಳಗೆ. ಆಮೇಲೆ ಬೆನ್ನಿನ ಮೂಳೆಗೆ ಹೋಯ್ತು. ಅದೇ, ನಿನಗೆ ಈಗ ನೋಡ್ತಿದಾರಲ್ಲ, ಅದೇ ಜಾಗ."

"ನನಗೂ ಅಣ್ಣನಿಗೂ ಯಾಕೆ ಹೇಳಲಿಲ್ಲ?"

"ಆ ಜಾಗದ ಕಾಯಿಲೇನ ಮಕ್ಕಳ ಹತ್ರ ಹೆಂಗೋ ಹೇಳೋದು? ಮಾನ ಮರ್ಯಾದೆ ಬೇಡ್ವಾ? ನೋಡೋಕೆ ಬಂದವರಿಗೆಲ್ಲ ಬೆನ್ನುನೋವು ಅಂತಾನೇ ಹೇಳಿದ್ವಿ."

ನನಗೆ ಸಿಟ್ಟು ಬಂತು. ಇಬ್ಬರು ಗಂಡುಮಕ್ಕಳಿಗೆ ಗೊತ್ತಿರಲೇಬೇಕಾದ ಒಂದೇ ಒಂದು ವಿಷಯವನ್ನು ಈ ಮನೆ ಮರ್ಯಾದೆ ಅಂತ ಹೂತಿಟ್ಟಿತ್ತಲ್ಲ! ಬೈಯೋಣ ಅಂತ ಅತ್ತೆಯ ಮುಖ ನೋಡಿದೆ, ಬೈಯೋಕಾಗಲಿಲ್ಲ. ಅವರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು, "ಪಾಪ, ಬಂದವರೆಲ್ಲ ಬೆನ್ನಿಗೆ ಹಚ್ಚೋ ಮುಲಾಮು ತಂದುಕೊಟ್ಟರು. ನಿಮ್ಮಪ್ಪ ಹೋದ ಮೇಲೂ ಇಡೀ ಬೀದಿಗೆ ಹಂಚಿದೆ, ಖರ್ಚಾಗಲಿಲ್ಲ."

೫. ಅಮ್ಮನ ಎಣ್ಣೆ

ಇವರ ವಿಷಯ ಸುಲಭವಾಗಿ ಮುಗಿಯಿತು. ಅಪ್ಪನಿಗೆ ಇದ್ದದ್ದನ್ನೂ ಲೆಕ್ಕಕ್ಕೆ ತಗೊಂಡು ನೋಡಿದರೂ ಸ್ಕ್ಯಾನಿನಲ್ಲಿ ಏನೂ ಇಲ್ಲ, ಆ ಇನ್ನೊಂದು ರಕ್ತಪರೀಕ್ಷೆಯೂ ಚೆನ್ನಾಗಿದೆ, ಸದ್ಯಕ್ಕೆ ಸೂಜಿ ಬೇಡ, ಆರು ತಿಂಗಳಿಗೊಮ್ಮೆ ರಕ್ತ ಕೊಡ್ತಾ ಇರಿ ಅಂದರು ಡಾಕ್ಟರು. ನಾನು ಎದ್ದು ಹೊರಡೋಕೆ ಪರ್ಸು ಕೈಗೆ ತಗೊಂಡೆ. ಅಷ್ಟರಲ್ಲಿ ಅವರು, "ನಿಮ್ಮಣ್ಣನೂ ತೋರಿಸಬೇಕು" ಅಂದರು.

"ಅವನದ್ದು ಎರಡು ಪಾಯಿಂಟ್ ಆರು, ಏನೂ ತೊಂದರೆ ಇಲ್ಲ" ಅಂದರು ಇವರು.

"ಕೂದಲು ಉದುರದೇ ಇರೋಕೆ ಮಾತ್ರೆ ಏನಾದರೂ ತಗೋತಾರಾ? ಅದರಲ್ಲೊಂದು ಜಾತಿಯ ಮಾತ್ರೆಗೆ ಈ ಅಂಕಿ ಅರ್ಧಕ್ಕೆ ಇಳಿಯುತ್ತೆ. ಅಂಥವರದ್ದನ್ನ ನಾವು ಎರಡರಷ್ಟು ಮಾಡಿ ಓದಬೇಕು."

ಇವರು ಜೋರಾಗಿ ನಕ್ಕರು. "ಅವನ ಕೂದಲು ನೀವು ನೋಡಿಲ್ಲ ಡಾಕ್ಟರೇ." ನನಗೆ ನಗು ಬರಲಿಲ್ಲ.

ನಮ್ಮ ಭಾವನವರು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಅನ್ನೋ ಬಡಾವಣೆಯಲ್ಲಿ ಎಣ್ಣೆ ಕಂಪನಿಯ ಎಂಜಿನಿಯರು. ಆದರೆ ನಮ್ಮ ಜನರಲ್ಲಿ ಅವರು ಹೆಸರುವಾಸಿಯಾಗಿದ್ದು ಇನ್ನೊಂದು ಎಣ್ಣೆಯಿಂದ. ಐವತ್ತೆಂಟು ವರ್ಷ ಆಗಿದ್ದರೂ ಕಾಲೇಜು ಹುಡುಗನ ಹಾಗೆ ತಲೆತುಂಬ ಕೂದಲು. ಯಾರೇ ಕೇಳಲಿ, "ನಮ್ಮಮ್ಮನ ಎಣ್ಣೆ" ಅನ್ನುತ್ತಿದ್ದರು. ದಾಸವಾಳ, ಗರಗದ ಸೊಪ್ಪು, ಕರಿಬೇವು ಹಾಕಿ ಅತ್ತೆ ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದರು. ಅವರು ಮೈಸೂರಿನಿಂದ ಬಂದರು ಅಂದರೆ ಡಲ್ಲಾಸು, ಹ್ಯೂಸ್ಟನ್ನು, ಆಸ್ಟಿನ್ನಿನ ಬೋಳುತಲೆಗಳೆಲ್ಲ ಖಾಲಿ ಬಾಟ್ಲು ಹಿಡಿದು ಸಾಲುಗಟ್ಟುತ್ತಿದ್ದವು. ಬೋಳಾದ ನಮ್ಮ ಯಜಮಾನರಿಗೆ ಮಾತ್ರ ಯಾವಾಗಲೂ ಬೈಗುಳ, "ನೀನು ಸರಿಯಾಗಿ ತಿಕ್ಕಲಿಲ್ಲ."

ಭಾವನ ಹೆಂಡತಿ, ನನ್ನ ಓರಗಿತ್ತಿ, ಧಾರವಾಡದವರು. ಅವರಿಗೆ ಫೋನ್ ಮಾಡಿ, "ಅಕ್ಕಾ, ಭಾವ ಕೂದಲಿಗೆ ಮಾತ್ರೆ ತಗೋತಾರಾ?" ಅಂತ ನೇರವಾಗಿ ಕೇಳಿದೆ. ಆ ಕಡೆ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ, "ನೀನಽ ಬಂದು ಕೇಳವ್ವಾ, ನಾ ಹೇಳಿದ್ರ ಮನ್ಯಾಗ ಜಗಳಾಗತೈತಿ" ಅಂದರು. ಗೊತ್ತಾಯ್ತಲ್ಲ! ಅಪ್ಪನನ್ನು ತಿಂದ ಕಾಯಿಲೆ ಮಗನಲ್ಲೂ ಕೂತಿರಬಹುದು, ಅಂಕಿ ಸುಳ್ಳು ಹೇಳುತ್ತಿದೆ, ಈ ಮನುಷ್ಯ ಎರಡು ಪಾಯಿಂಟ್ ಆರು ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾರೆ.

ಅತ್ತೆಯನ್ನೂ ಕೂರಿಸಿಕೊಂಡು ಮಿಸೌರಿ ಸಿಟಿಗೆ ಹೋದೆವು. ನಮ್ಮ ಬಲವಂತಕ್ಕೆ ಭಾವ ಅಲ್ಲಿಯ ಒಬ್ಬ ಯೂರಾಲಜಿ ಡಾಕ್ಟರ ಜೊತೆ ವಿಡಿಯೋ ಕಾಲ್ ಇಟ್ಟುಕೊಂಡಿದ್ದರು. ಅಮೆರಿಕದವರಾದರೆ ಬಾಗಿಲು ಹಾಕಿಕೊಂಡು ಒಬ್ಬರೇ ಮಾತಾಡ್ತಾರೆ. ನಾವು ಐದು ಜನ ಒಂದೇ ಸೋಫಾದ ಮೇಲೆ ಸತ್ಯನಾರಾಯಣ ಪೂಜೆಗೆ ಕೂತ ಹಾಗೆ ಕೂತೆವು. ಡಾಕ್ಟರು ಒಂದೊಂದಾಗಿ ಕೇಳುತ್ತಾ ಬಂದು, "ಬೇರೆ ಏನಾದರೂ ಮಾತ್ರೆ? ಕೂದಲಿಗೆ? ನಿಮ್ಮ ಕೂದಲಂತೂ ತುಂಬಾ ಚೆನ್ನಾಗಿದೆ" ಅಂದರು.

ಭಾವ ಅಮ್ಮನ ಕಡೆ ನೋಡಿದರು. "ನೋ ಪಿಲ್ಸ್. ಮೈ ಮದರ್ಸ್ ಆಯಿಲ್" ಅಂದರು.

ಓರಗಿತ್ತಿ ಕೆಮ್ಮಿದರು. ನಾನೂ ಕೆಮ್ಮಿದೆ. ಡಾಕ್ಟರು ಮನೆಯಲ್ಲಿ ಎಲ್ಲರಿಗೂ ಜ್ವರವಾ ಅಂತ ಕೇಳಿದರು.

"ಏನಂತೆ?" ಅಂದರು ಅತ್ತೆ. ಇನ್ನು ತಡೆಯೋಕಾಗಲಿಲ್ಲ, ಹೇಳಿಯೇ ಬಿಟ್ಟೆ. "ಅತ್ತೆ, ಕೂದಲಿಗೆ ಮಾತ್ರೆ ನುಂಗ್ತಿದ್ರೆ ರಕ್ತದಲ್ಲಿ ಕಾಯಿಲೆ ಅರ್ಧ ಮಾತ್ರ ಕಾಣುತ್ತಂತೆ. ಭಾವ ನುಂಗ್ತಾರಾ ಅಂತ ಕೇಳ್ತಿದಾರೆ. ಭಾವ ಇಲ್ಲ, ನಿಮ್ಮ ಎಣ್ಣೆ ಅಂತಿದಾರೆ."

ಅತ್ತೆ ಮಗನ ತಲೆಯನ್ನೇ ದಿಟ್ಟಿಸಿದರು. ಆಮೇಲೆ ಸೋಫಾ ಅಲ್ಲಾಡೋ ಹಾಗೆ ಒಂದು ಗದರಿಕೆ. "ಹೇಳೋ ಡಾಕ್ಟರಿಗೆ! ನಿಮ್ಮಪ್ಪ ಮರ್ಯಾದೆ ಇಟ್ಕೊಂಡು ಸತ್ತರು. ನೀನು ಕೂದಲಿಟ್ಕೊಂಡು ಸಾಯ್ತೀಯೇನೋ?"

"ಯೆಸ್" ಅಂದರು ಭಾವ ಪರದೆಗೆ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಧ್ವನಿಯಲ್ಲಿ. "ಡೈಲಿ. ಟ್ವೆಲ್ವ್ ಇಯರ್ಸ್."

"ನಾ ಮೊದಲನೇ ದಿನಾನಽ ನೋಡೇನ್ರೀ" ಅಂದರು ಓರಗಿತ್ತಿ. "ವಿಟಮಿನ್ ಡಬ್ಬ್ಯಾಗ ಬೇರೆ ಬಣ್ಣದ ಗುಳಿಗಿ ಇದ್ರ ನನಗ ತಿಳಿಯಂಗಿಲ್ಲೇನು?"

ಎರಡು ಪಾಯಿಂಟ್ ಆರು ಅಲ್ಲೇ, ಎಲ್ಲರ ಕಣ್ಣೆದುರಿಗೇ ಐದು ಪಾಯಿಂಟ್ ಎರಡಾಯಿತು. ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಕಾಣಿಸಿತು. ಸೂಜಿ ಹೋಯಿತು. ಇತ್ತು. ಕ್ಯಾನ್ಸರ್ ಚಿಕ್ಕದು, ಗ್ರಂಥಿಯ ಒಳಗೇ ಇದೆ, ಮೂಳೆಗೆ ಹೋಗಿಲ್ಲ, ವಾಸಿ ಮಾಡಬಹುದು ಅಂದರು. ಅವತ್ತು ಅಣ್ಣ ತಮ್ಮ ಇಬ್ಬರೂ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ನಿಂತು ಅಪ್ಪನ್ನ ನೆನೆಸಿಕೊಂಡು ಅತ್ತರು. ನಾನೂ ಓರಗಿತ್ತಿಯೂ ನೋಡಿದರೂ ನೋಡದ ಹಾಗೆ ಕಾರಿನಲ್ಲಿ ಕೂತಿದ್ದೆವು.

ಸುದ್ದಿ ಮೂರು ಊರಿಗೂ ಹಬ್ಬಿತು. ಫೋನುಗಳು ಶುರುವಾದವು. ಪರವಾಗಿಲ್ಲ, ನಮ್ಮ ಗಂಡಸರಿಗೂ ಈಗ ಬುದ್ಧಿ ಬಂತು, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ ಅಂದುಕೊಂಡೆ. ಭಾವನಿಗೆ ಬಂದ ಫೋನುಗಳಲ್ಲಿ ಬಯಾಪ್ಸಿ ಏನಾಯಿತು ಅಂತ ಕೇಳಿದವರು ಒಬ್ಬರೋ ಇಬ್ಬರೋ. ಮಿಕ್ಕವರೆಲ್ಲ ದನಿ ತಗ್ಗಿಸಿ ಕೇಳಿದ್ದು ಒಂದೇ, "ಸಾರ್, ಆ ಮಾತ್ರೆ ಹೆಸರೇನು?"

ಚಿಕಿತ್ಸೆ ಮುಗಿದ ಮೇಲೆ ಭಾವ ಮರ್ಫಿಗೆ ಬಂದರು. ಅಮ್ಮನ ಕಾಲಿನ ಹತ್ತಿರ ನೆಲದ ಮೇಲೆ ಕೂತರು. "ಅಮ್ಮಾ, ತಪ್ಪಾಯ್ತು. ನಿನ್ನ ಎಣ್ಣೆ ನಿನ್ನ ಎಣ್ಣೆ ಅಂತ ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳಿದೆ. ನಿಜ ಹೇಳಿದ್ರೆ ನೀನು ನೊಂದ್ಕೋತೀಯ ಅಂತ ಬಾಯಿ ಬರಲಿಲ್ಲ."

"ನೊಂದ್ಕೊಳ್ಳೋದೇನು ಬಂತು?" ಅಂದರು ಅತ್ತೆ. "ಈ ಅಮೆರಿಕದಲ್ಲಿ ಇಷ್ಟೊಂದು ಓದಿದೋರು ನನ್ನ ಮಾತು ಕಿವಿಗೊಟ್ಟು ಕೇಳ್ತಿದ್ದಿದ್ದು ಅಂದ್ರೆ ಅದೊಂದು ಎಣ್ಣೆ ವಿಷಯಕ್ಕೆ. ನೀನು ಎಣ್ಣೆ ಅಂದೆ, ನಾನೂ ಹೂಂ ಅಂದೆ."

ಭಾವ ತಲೆ ಎತ್ತಿದರು. "ಅಂದ್ರೆ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೇ ಏನೋ ಪೆದ್ದೇ? ಅದೇ ಎಣ್ಣೇನ ನಿಮ್ಮಪ್ಪನ ತಲೆಗೆ ಮದುವೆ ಆದಾಗಿಂದ ತಿಕ್ಕಿದೀನಿ. ಅವರ ತಲೇಲಿ ಒಂದಾದ್ರೂ ಕೂದಲಿತ್ತೇನೋ?"